ಜಾಬರ್ ಕಾಕಾನ ಗಂಟು

ಜಾಬರ್ ಕಾಕಾನ ಬಲಗಿವಿಯ ಮೇಲೆ ಯಾವಾಗಲೂ ಒಂದು ನೂಲಿನ ಎಳೆ ಇರುತ್ತಿತ್ತು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಇವರು ಮೊಳದುದ್ದದ ಬಿಳಿ ನೂಲನ್ನು ಎರಡು ಸುತ್ತು ಸುತ್ತಿಕೊಂಡಿರುತ್ತಿದ್ದರು. ಮಾತಾಡುವಾಗ ಅದರ ತುದಿ ಕುತ್ತಿಗೆಯ ಹತ್ತಿರ ಅಲ್ಲಾಡುತ್ತಿತ್ತು. ಯಂತ್ರ ಯಾವುದೇ ಇರಲಿ, ಅದಕ್ಕೆ ಏನೇ ಆಗಿರಲಿ, ಅವರ ಕೈ ಸ್ಕ್ರೂಡ್ರೈವರಿಗಿಂತ ಮೊದಲು ಕಿವಿಗೆ ಹೋಗುತ್ತಿತ್ತು.

ಅವರ ಹೆಸರು ಶಂಕ್ರೆಪ್ಪ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುವವರನ್ನು ಜಾಬರ್ ಅನ್ನುತ್ತಾರೆ. ಮೂವತ್ತು ವರ್ಷ ಮಗ್ಗಗಳ ಕೆಳಗೆ ನುಸುಳಿ ಎದ್ದವರು. ಮಗ್ಗದಲ್ಲಿ ಅಡ್ಡನೂಲು ಹರಿದ ಕೂಡಲೇ ಮಗ್ಗವನ್ನು ತಾನಾಗಿ ನಿಲ್ಲಿಸುವ ಸಣ್ಣ ಕೊಕ್ಕೆಯೊಂದಿರುತ್ತದೆ. ಹಳತಾದಂತೆ ಅದು ನೂಲು ಹರಿಯದಿದ್ದರೂ ನಿಲ್ಲಿಸತೊಡಗುತ್ತದೆ. ಆಗ ನಮ್ಮೂರಲ್ಲಿ ಆ ಕೊಕ್ಕೆಯನ್ನೇ ನೂಲಿನಿಂದ ಎತ್ತಿ ಕಟ್ಟಿಬಿಡುತ್ತಾರೆ. ಮಗ್ಗ ನಿಲ್ಲುವುದಿಲ್ಲ, ನೇಯುವವರು ಕಣ್ಣಿಟ್ಟು ಕೂತರಾಯಿತು. ಕಾಕಾಗೆ ಬರುತ್ತಿದ್ದ ವಿದ್ಯೆ ಬಹುಶಃ ಇದೊಂದೇ. ಮಗ್ಗಗಳು ಕಡಿಮೆಯಾಗಿ, ಪೇಟೆಯಲ್ಲಿ ಝೆರಾಕ್ಸ್, ಬ್ಯಾನರ್ ಅಂಗಡಿಗಳು ಹೆಚ್ಚಾದ ಮೇಲೆ ಅದನ್ನೇ ಪ್ರಿಂಟರುಗಳಿಗೂ ಹಚ್ಚಿದರು. ಎಚ್ಚರಿಸುವ ದೀಪ, ಕೂಗುವ ಗಂಟೆ, ಬೇಡ ಅನ್ನುವ ಪರದೆ, ಇವೆಲ್ಲ ಅವರ ಕಣ್ಣಿಗೆ ಒಂದೇ ಹಾಳು ಕೊಕ್ಕೆ.

"ಮಷೀನ್ ಮಾತಾಡಬಾರ್ದು," ಅನ್ನುತ್ತಿದ್ದರು. "ಮಾತಾಡಾಕ ನಾವಿಲ್ಲೇನು?"

ಅವರಂತೂ ಇದ್ದರು. ಅವರ ಮಾತು ನಿಲ್ಲಿಸುವ ಕೊಕ್ಕೆ ಯಾವ ಕಾರ್ಖಾನೆಯಲ್ಲೂ ತಯಾರಾಗಿರಲಿಲ್ಲ.

ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬನಹಟ್ಟಿಯ ಮಹಾದೇವಪ್ಪ ಸಾವಕಾರರ ಬ್ಯಾನರ್ ಅಂಗಡಿಯಲ್ಲಿ ಡಿಸೈನ್ ಕೆಲಸಕ್ಕಿದ್ದೆ. ಎಲೆಕ್ಟ್ರಾನಿಕ್ಸ್ ಓದಿದವಳು. ಅಂಗಡಿಯಲ್ಲಿ ಫೋಟೋ ಅಚ್ಚುಹಾಕಲು ಒಂದು ಚಿಕ್ಕ ಇಂಕ್‌ಜೆಟ್ ಪ್ರಿಂಟರ್, ಬ್ಯಾನರ್ ಮುದ್ರಿಸಲು ಗೋಡೆಯಷ್ಟು ಉದ್ದದ ಒಂದು ಯಂತ್ರ ಇದ್ದವು. ಚಿಕ್ಕದು ಒಂದು ದಿನ ಇಂಕು ಖಾಲಿ ಎಂದು ಕೆಲಸ ನಿಲ್ಲಿಸಿತು. ಕಾಕಾ ಬಂದರು. ಕಾರ್ಟ್ರಿಜ್ ಹೊರತೆಗೆದು, ತೆಂಗಿನಕಾಯಿ ಅಲ್ಲಾಡಿಸಿದಂತೆ ಕಿವಿಯ ಹತ್ತಿರ ಅಲ್ಲಾಡಿಸಿ, ಕೈಯಲ್ಲಿ ತೂಗಿ ನೋಡಿ, ಮತ್ತೆ ಒಳಗೆ ಹಾಕಿ, ಒಂದು ಗುಂಡಿಯನ್ನು ಒತ್ತಿ ಹಿಡಿದರು. ಪ್ರಿಂಟರ್ ಓಡಿತು. ಮುಂದೆ ಎಷ್ಟೋ ದಿನ ಓಡಿತು.

"ನೋಡ್ರಿ ಸಾವಕಾರ್ರ," ಅಂದರು. "ಒಳಗ ಇಂಕ್ ಐತಿ, ಇದು ಇಲ್ಲ ಅಂತೈತಿ. ಇಂಥಾ ಸುಳ್ಳಬುರಕನ ಮಾತು ಕೇಳಾಕ ನಿಮ್ಮ ಡಿಗ್ರಿ ತಂಗಿ ಅದಾಳ."

ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಹೇಳುತ್ತೇನೆ: ಅಂದು ಅವರು ಹೇಳಿದ್ದು ಸರಿಯಾಗಿತ್ತು. ಆ ಜಾತಿಯ ಪ್ರಿಂಟರ್ ಇಂಕನ್ನು ನೋಡುವುದೇ ಇಲ್ಲ. ಎಷ್ಟು ಹನಿ ಉಗುಳಿದೆ ಎಂದು ಎಣಿಸುತ್ತದೆ, ಲೆಕ್ಕ ಮುಗಿದಾಗ ಖಾಲಿ ಅನ್ನುತ್ತದೆ. ಮನೆಯೊಳಗೆ ಇಣುಕದೆ ಹೊಸ್ತಿಲಲ್ಲೇ ನಿಂತು ಜನಗಣತಿ ಬರೆದಂತೆ. ಅದನ್ನು ನಾನು ಅಂದೇ ಬಿಡಿಸಿ ಹೇಳಬೇಕಿತ್ತು. ದೊಡ್ಡ ಯಂತ್ರ ಹಾಗಲ್ಲ ಎಂಬುದನ್ನೂ ಹೇಳಬೇಕಿತ್ತು. ಸಾವಕಾರರು ನಗುತ್ತಿದ್ದರು. ನಾನು ಮುಖ ಕೆಂಪಾಗಿಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದೆ.

ದೊಡ್ಡ ಯಂತ್ರದಲ್ಲಿ ಬಣ್ಣಕ್ಕೊಂದರಂತೆ ಇಂಕು ತುಂಬುವ ಸಣ್ಣ ಟಾಕಿಗಳಿದ್ದವು. ಪ್ರತಿ ಟಾಕಿಯಲ್ಲೂ ಒಂದು ತೇಲುವ ಬಿಲ್ಲೆ. ಇಂಕು ಇಳಿದರೆ ಬಿಲ್ಲೆ ಇಳಿಯುತ್ತದೆ, ಪಂಪ್ ಶುರುವಾಗಿ ಕೆಳಗಿನ ಕ್ಯಾನಿನಿಂದ ಇಂಕು ಏರಿಸುತ್ತದೆ. ಟಾಕಿ ತುಂಬಿದರೆ ಬಿಲ್ಲೆ ಏರಿ ಪಂಪನ್ನು ನಿಲ್ಲಿಸುತ್ತದೆ. ಎಲ್ಲಾದರೂ ಅಡ್ಡಿಯಾದರೆ ಯಂತ್ರ ಕೂಗುತ್ತದೆ. ಇಲ್ಲಿ ಊಹೆಯಿಲ್ಲ, ಬಿಲ್ಲೆ ಇಂಕಿನ ಮೇಲೇ ಕೂತಿರುತ್ತದೆ. ಆ ಇಂಕಾದರೋ ಬೆಂಕಿ ಹತ್ತುವಂಥದ್ದು, ಸೀಮೆಎಣ್ಣೆಯ ಹಾಗೆ. ಟಾಕಿಗಳ ಕೆಳಗೇ ಬ್ಯಾನರ್ ಒಣಗಿಸುವ ಬಿಸಿ ಪಟ್ಟಿ.

ಮುಂದೊಂದು ದಿನ ಕಪ್ಪು ಟಾಕಿಯ ಬಿಲ್ಲೆಗೆ ಒಣಗಿದ ಇಂಕು ಮೆತ್ತಿ, ಯಂತ್ರ ಬೆಳಗಿನಿಂದ ಕೂಗತೊಡಗಿತ್ತು. ಬಿಲ್ಲೆ ಬಿಚ್ಚಿ ತೊಳೆಯಲು ಅರ್ಧ ದಿನ ಬೇಕು ಅಂದೆ. ಮರುದಿನದ ಮದುವೆ ಬ್ಯಾನರುಗಳು ಬಾಕಿಯಿದ್ದವು. ಸಾವಕಾರರು ಕಾಕಾಗೆ ಫೋನ್ ಹಚ್ಚಿದರು. ಅವರು ಬಂದು ಮುಚ್ಚಳ ತೆಗೆದರು, ಕಿವಿಯಿಂದ ನೂಲು ಇಳಿಸಿದರು, ಬಿಲ್ಲೆಯನ್ನು ಮೇಲೆತ್ತಿ ಕಟ್ಟಿದರು. ಕೂಗು ನಿಂತಿತು. ಬಿಲ್ಲೆ ಮೇಲಿದ್ದರೆ ಪಂಪ್ ಓಡುವುದಿಲ್ಲವಲ್ಲ, ಅದಕ್ಕೆ ಅಡುಗೆಮನೆಯ ದೀಪಕ್ಕೆ ಹಾಕುವಂಥ ಒಂದು ಸ್ವಿಚ್ಚು ತಂದು, ಪಂಪಿನ ಎರಡು ತಂತಿಯನ್ನು ಬರಿಗೈಯಲ್ಲಿ ಹೊಸೆದು ಕೂಡಿಸಿದರು. ಟೇಪ್ ಕೂಡ ಸುತ್ತಲಿಲ್ಲ.

"ಇಂಕ್ ಇಳದ್ರ ಒತ್ತು, ತುಂಬಿದ್ರ ಬಂದ್ ಮಾಡು. ಕಣ್ಣ ಅದಾವಿಲ್ಲ ನಿನಗ, ತಂಗಿ?"

ಸ್ವಿಚ್ಚನ್ನು ತಾವೇ ಒತ್ತಿ ತೋರಿಸಿದರು. ಪಂಪ್ ಗುಂಯ್ ಎಂದಿತು. ಅಷ್ಟರಲ್ಲಿ ಅವರಿಗೆ ರಬಕವಿಯ ಕಥೆಯೊಂದು ನೆನಪಾಯಿತು. ಅಲ್ಲೊಬ್ಬಾಕೆಯ ಮಗ್ಗದ ಕೊಕ್ಕೆಯನ್ನು ಹೀಗೇ ಕಟ್ಟಿದ್ದರಂತೆ. ಆಕೆ ಚಹಾ ಕುಡಿಯಲು ಎದ್ದಾಗ ಅಡ್ಡನೂಲು ಹರಿದು, ಮಗ್ಗ ಬರಿದೇ ಓಡಿ, ಸೀರೆಯ ನಡುವೆ ಗೇಣಗಲ ಕಿಂಡಿ ಬಿದ್ದಿತಂತೆ. ಆಕೆ ಅಳುತ್ತ ಬಂದರೆ ಇವರು, "ಯಾಕ ಅಳ್ತೀಯವ್ವಾ, ಬ್ಯಾಸಗ್ಯಾಗ ಗಾಳಿ ಆಡ್ತೈತಿ, ಉಟ್ಕೋ," ಅಂದರಂತೆ. ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ: ನಾನೂ ನಕ್ಕೆ. ಆ ಹೊತ್ತಿಗೆ ಪಂಪ್ ಓಡುತ್ತಲೇ ಇತ್ತು, ಮೂವರ ಆರು ಕಣ್ಣುಗಳಲ್ಲಿ ಒಂದೂ ಟಾಕಿಯ ಮೇಲಿರಲಿಲ್ಲ. ಕೂಗಬೇಕಾದದ್ದನ್ನು ಕಟ್ಟಿಹಾಕಿದ್ದೆವು.

ಮೊದಲು ಬಂದದ್ದು ಕಣ್ಣು ಉರಿಯುವ ವಾಸನೆ. ತಿರುಗಿದರೆ ಕಪ್ಪು ಇಂಕು ಟಾಕಿಯಿಂದ ಉಕ್ಕಿ ಬಿಸಿ ಪಟ್ಟಿಯ ಮೇಲೆ ಸುರಿಯುತ್ತಿತ್ತು. ಹೊಸೆದ ತಂತಿಯಲ್ಲಿ ಚಟ್ ಎಂದು ಕಿಡಿ ಹಾರಿತು. ಬೆಂಕಿ ಸದ್ದಿಲ್ಲದೆ ಎದ್ದು ನಿಂತಿತು. ನಾನು ಹಿಂದಿನ ಗೋಡೆಯ ಹತ್ತಿರ, ಅವರಿಬ್ಬರು ಶಟರಿನ ಹತ್ತಿರ, ನಡುವೆ ಬೆಂಕಿ. ಮೇನ್ ಸ್ವಿಚ್ ನನ್ನ ಕಡೆಗಿತ್ತು, ಇಳಿಸಿದೆ. ಕಾಕಾ ಬೀದಿಗೆ ಓಡಿದರು. ಓಡಿಹೋಗಿದ್ದರೆ ಚೆನ್ನಾಗಿತ್ತು. ಬಕೆಟ್ ತುಂಬ ನೀರು ಹಿಡಿದು ವಾಪಸು ಬಂದರು.

"ಕಾಕಾ, ನೀರ ಹಾಕಬ್ಯಾಡ್ರಿ," ಎಂದು ಚೀರಿದೆ.

"ಸುಮ್ನಿರ ಬೇ. ನೀರಿಗಿ ಆರದ್ದು ಯಾವ ಬೆಂಕಿ?"

ಸುರಿದರು. ಉರಿಯುವ ಇಂಕು ನೀರಿನ ಮೇಲೆ ತೇಲಿ, ನೆಲದ ಇಳಿಜಾರು ಹಿಡಿದು, ನೇರ ನನ್ನ ಕಾಲಿನ ಕಡೆ ಹರಿದು ಬಂತು. ಸ್ಟೂಲ್ ಹತ್ತಿದೆ. ಸೀರೆಯ ನೆರಿಗೆಯಷ್ಟು ಅಗಲದ ಬೆಂಕಿ ಸ್ಟೂಲಿನ ಕಾಲುಗಳನ್ನು ಸುತ್ತಿತು. ಸಾವಕಾರರೂ ಪಕ್ಕದ ಶೆಡ್ಡಿನ ನೇಕಾರರೂ ಬೀದಿಯಲ್ಲಿದ್ದ ಕಟ್ಟಡದ ಮರಳನ್ನು ಬುಟ್ಟಿಯಲ್ಲಿ ತಂದು ಎರಚುವವರೆಗೆ ನಾನು ಅಲ್ಲೇ ನಿಂತಿದ್ದೆ. ಎಡಗಾಲು ಮೊಣಕಾಲಿನವರೆಗೆ ಸುಟ್ಟಿತು. ಆ ನೀರು ನನ್ನ ಕಡೆ ಬರುವುದನ್ನು ನಾನು ದಿನಕ್ಕೊಮ್ಮೆಯಾದರೂ ನೋಡುತ್ತೇನೆ. ಮನೆಯಲ್ಲಿ ಅವ್ವ ಅಂಗಳ ತೊಳೆದರೂ ಕಾಲೆತ್ತಿ ಕೂರುತ್ತೇನೆ.

ಊರಲ್ಲಿ ಕಥೆ ಬೇರೆಯೇ ಆಯಿತು. ಮೊದಲ ಬಕೆಟ್ ನೀರು ಹಾಕಿ ಹುಡುಗಿಯನ್ನು ಉಳಿಸಿದ್ದು ತಾನೇ ಎಂದು ಕಾಕಾ ಚಹಾದಂಗಡಿಯಲ್ಲಿ ಹೇಳಿದರು. ಜನ ನಂಬಿದರು. ಜನಕ್ಕೆ ಬಕೆಟ್ ಕಾಣಿಸಿತ್ತು, ನೂಲು ಕಾಣಿಸಿರಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ನಮ್ಮ ಮನೆಯಲ್ಲಿ. ಬಾಳೆಹಣ್ಣು ಹಿಡಿದು ನೋಡಲು ಬಂದಿದ್ದರು. ಮಷೀನು ಹಲ್ಕಾ ಮಾಲು ಅಂದರು, ಕರೆಂಟಿನ ತಪ್ಪು ಅಂದರು. ತನ್ನದೇನಾದರೂ ಇತ್ತು ಎಂದು ಬಾಯಿತಪ್ಪಿಯೂ ಅನ್ನಲಿಲ್ಲ. ಎದ್ದು ಹೊರಡುವಾಗ ನನ್ನ ಕಾಲಿನ ಕಡೆ ನೋಡಿದರು.

"ಪಟ್ಟಿ ಸಡ್ಲ ಆಗೇತಿ, ತಂಗಿ."

ನಾನು ಬೇಡ ಅನ್ನುವಷ್ಟರಲ್ಲಿ ಬಗ್ಗಿ, ಕಿವಿಯ ನೂಲು ತೆಗೆದು, ಪಟ್ಟಿಯ ಮೇಲೆ ಸುತ್ತಿ ಗಂಟು ಹಾಕಿದರು. ಗಂಟು ಎರಡು ಸಲ ಜಾರಿ, ಮೂರನೆಯ ಸಲ ಕೂತಿತು. ಅದನ್ನು ಕಂಡೆ. ಕಂಡೂ ನನ್ನ ಮನಸ್ಸು ಕರಗಲಿಲ್ಲ, ಈಗಲೂ ಕರಗಿಲ್ಲ. ಅವರ ಗಂಟು ಎಳೆದಷ್ಟೂ ಬಿಗಿಯುತ್ತದೆ. ಸಂಜೆ ಪಟ್ಟಿ ಬದಲಿಸುವಾಗ ಅವ್ವ ಕತ್ತರಿಯಿಂದ ಕತ್ತರಿಸಬೇಕಾಯಿತು.

ಹೋದ ತಿಂಗಳು ಕೆಲಸದ ಅರ್ಜಿಗೆ ಫೋಟೋ ತೆಗೆಸಲು ಮುಧೋಳಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯೊಳಗೆ ಅದೇ ಬಗೆಯ ದೊಡ್ಡ ಯಂತ್ರ ಓಡುತ್ತಿತ್ತು. ಹಳದಿ ಟಾಕಿಯ ಮುಚ್ಚಳದ ಸಂದಿಯಿಂದ ಬಿಳಿ ನೂಲಿನ ತುದಿಯೊಂದು ಹೊರಬಂದು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಪಕ್ಕದ ಗೋಡೆಗೆ ಅಡುಗೆಮನೆಯ ಸ್ವಿಚ್ಚು. ಯಾರು ಕಟ್ಟಿದ್ದು ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ.

"ಬನಹಟ್ಟಿ ಜಾಬರ್ ಕಾಕಾರಿ. ನಿನ್ನೆನ ಬಂದು ಹೋದ್ರು. ಈಗ ಕಿರಿಕಿರಿ ಇಲ್ರಿ ಅಕ್ಕಾ."

ಆಕೆಯ ಕುರ್ಚಿ ಹಿಂದಿನ ಗೋಡೆಯ ಹತ್ತಿರವಿತ್ತು. ಬಾಗಿಲಿಗೂ ಆಕೆಗೂ ನಡುವೆ ಯಂತ್ರ.

ಫೋಟೋ ಕತ್ತರಿಸುವ ಕತ್ತರಿ ಮೇಜಿನ ಮೇಲಿತ್ತು. ಯಂತ್ರ ನಿಲ್ಲಿಸಿದೆ, ಸ್ವಿಚ್ಚಿನ ತಂತಿಯನ್ನು ಕಿತ್ತೆ, ಮುಚ್ಚಳ ತೆಗೆದು ಗಂಟಿನ ಮೇಲೇ ಕತ್ತರಿ ಆಡಿಸಿದೆ. ಮತ್ತೆ ಚಾಲೂ ಮಾಡಿದ್ದೇ ಯಂತ್ರ ಕೂಗತೊಡಗಿತು. ಒಳಗಿನಿಂದ ಮಾಲೀಕ ಬೈಯುತ್ತ ಎದ್ದು ಬಂದ. ಹುಡುಗಿ ಕಿವಿ ಮುಚ್ಚಿಕೊಂಡು ಏನು ಮಾಡಿದಿರಿ ಎಂದು ನನ್ನನ್ನು ನೋಡಿದಳು.

"ಕೂಗ್ಲಿ ಬಿಡವ್ವಾ," ಅಂದೆ. "ಅದು ಖರೇನ ಹೇಳಾಕತ್ತೈತಿ."