ಮಾರ್ತಮ್ಮನ ಮನೆಯ ಒಡೆಯ

ಮೊನ್ನೆ ಮದ್ದೂರಿನಲ್ಲಿ ಒಂದು ಟೀ ಅಂಗಡಿಯ ಮುಂದೆ ನಿಂತಿದ್ದೆ. ಎದುರಿಗೆ ಕಟ್ಟುತ್ತಿದ್ದ ಮನೆಗೆ ಆಳುಗಳು ದೃಷ್ಟಿ ಬೊಂಬೆ ನೇತುಹಾಕುತ್ತಿದ್ದರು. ಹುಲ್ಲು ತುಂಬಿದ ಹಳೇ ಪ್ಯಾಂಟು, ಮಡಕೆಯ ತಲೆ, ಸುಣ್ಣದ ಕಣ್ಣು, ಎದೆಯವರೆಗೆ ಇಳಿಬಿದ್ದ ಕೆಂಪು ನಾಲಗೆ. ನನಗೆ ನಗು ತಡೆಯಲಾಗಲಿಲ್ಲ. "ಯಾಕಣ್ಣೋ, ಬೊಂಬೆ ನೋಡ್ಕೊಂಡ್ ನಗ್ತಿದ್ದೀಯ? ಅದು ನಿನ್ನ ನೋಡಿ ನಗ್ಬೇಕು" ಎಂದ ಅಂಗಡಿಯವನು. ಅವನಿಗೆ ಗಿರಾಕಿಗಳ ಅವಸರ, ಹೇಳಲಾಗಲಿಲ್ಲ. ನಿಮಗಾದರೆ ಸಾವಕಾಶವಾಗಿ ಹೇಳಬಹುದು.

ನಾನು ಐದನೇ ಕ್ಲಾಸಿಗೇ ಸ್ಲೇಟು ಬಿಟ್ಟು ಕರಣೆ ಹಿಡಿದವನು. ಗಾರೆ ಮೇಸ್ತ್ರಿ. ಮಂಡ್ಯದಿಂದ ಮಳವಳ್ಳಿಗೆ ಬಸ್ಸಿನಲ್ಲಿ ಕೂತರೆ ಕಿಟಕಿಯಿಂದ ಕೈ ತೋರಿಸುತ್ತಲೇ ಹೋಗುತ್ತೇನೆ. ಅದೋ ಆ ಮಹಡಿ ನಂದು, ಆ ಕಮಾನು ನಂದು, ಆ ಕಾಂಪೌಂಡು ಮಾತ್ರ ನಂದಲ್ಲ, ನೋಡಿ ಹೇಗೆ ವಾಲಿದೆ! ನನ್ನ ಹೆಂಡತಿ ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿ ಕೇಳಿ ಒಂದು ದಿನ, "ಎಲ್ಲಾ ನಿಂದೇಯಾ? ಅಂಗಾದ್ರೆ ಇಳ್ದು ಬಾಡ್ಗೆ ವಸೂಲಿ ಮಾಡ್ಕೊಂಡ್ ಬಾ, ಓಗು" ಎಂದಿದ್ದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಕೊತ್ತತ್ತಿಯಲ್ಲಿ ನಾನು ಕಟ್ಟಿದ ಒಂದು ಮನೆಯನ್ನು ಮಾತ್ರ ಹಾಗೆ ತೋರಿಸುವುದಿಲ್ಲ. ಅದು ಮಾರ್ತಮ್ಮನ ಮನೆ.

ಅವರು ಕ್ರೈಸ್ತರು. ಗಂಡ ಸ್ಯಾಮಣ್ಣ ಕಬ್ಬಿನ ಲಾರಿ ಓಡಿಸುತ್ತಿದ್ದ. ಮಾರ್ತಮ್ಮ ರವಿಕೆ ಹೊಲಿಯುತ್ತಿದ್ದಳು. ಇಬ್ಬರೂ ಹೊಟ್ಟೆ ಬಾಯಿ ಕಟ್ಟಿ ಶುರು ಮಾಡಿದ ಮನೆ. ಕಿಟಕಿ ಬಾಗಿಲ ಮಟ್ಟ ದಾಟಿ ಗೋಡೆ ಏಳುವ ಹೊತ್ತಿಗೆ, ಎದೆನೋವು ಎಂದು ಕೂತ ಸ್ಯಾಮಣ್ಣ ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವನ ಅಣ್ಣ ಮಳವಳ್ಳಿಯಿಂದ ವಾರವಾರ ಬಂದು ಒಂದೇ ಮಾತು: "ಈ ಮನೆ ಆಗ್ಬರ್ಲಿಲ್ಲ ಕಣಮ್ಮ. ಇಷ್ಟಕ್ಕೆ ನಿಲ್ಸು. ಜಾಗ ನಾನ್ ನೋಡ್ಕತೀನಿ, ನೀನು ಮಗಳ್ನ ಕರ್ಕೊಂಡು ತವರ್ಗೆ ಓಗು." ನೋಡಿಕೊಳ್ಳುವುದು ಎಂದರೆ ಏನೆಂದು ಊರಿಗೆಲ್ಲ ಗೊತ್ತಿತ್ತು.

ಮಾರ್ತಮ್ಮ ನನಗೆ ಹೇಳಿಕಳಿಸಿದ್ದು ಇಷ್ಟೇ: ಕೆಲಸ ನಿಲ್ಲಿಸಬೇಡ.

ನಾನೇನೋ ಹೋದೆ. ಆದರೆ ಬಸರಾಳಿನಿಂದ ಬರುವ ನನ್ನ ಕಂಬಿ ಕೆಲಸದ ಪುಟ್ಟಮಾದ ಏಣಿ ಹತ್ತಲೊಲ್ಲ. "ಒಬ್ಬುನ್ನ ನುಂಗೈತೆ ಕಣಣ್ಣ ಈ ಮನೆ. ನಂಗೂ ಎಡ್ತಿ ಮಕ್ಳವ್ರೆ" ಎಂದ. ಅವನ ಧೈರ್ಯಕ್ಕೆ ಎಂದು ಬಾಯಲ್ಲಿ ಹೇಳಿ, ನನ್ನ ಧೈರ್ಯಕ್ಕೂ ಇರಲಿ ಎಂದುಕೊಂಡು, ದೊಡ್ಡದೊಂದು ದೃಷ್ಟಿ ಬೊಂಬೆ ಮಾಡಿಸಿ ಮುಂಬಾಗಿಲ ಮೇಲೆ ಕಟ್ಟಿಸಿದೆ. ಮಾರ್ತಮ್ಮ ಬಂದು ತಲೆಯೆತ್ತಿ ನೋಡಿದಳು.

"ಇದ್ಯಾರು ಮೇಸ್ತ್ರಣ್ಣ? ನಿಮ್ಮ ನೆಂಟ್ರಾ?"

ಪುಟ್ಟಮಾದ ನಕ್ಕುಬಿಟ್ಟ. ನನಗೆ ಸಿಟ್ಟು. "ಕೆಟ್ಟ ಕಣ್ಣು ಬೀಳ್ದಂಗೆ ಕಾಯ್ತದೆ ಕಣಮ್ಮ."

"ಕಾಯೋನು ಮ್ಯಾಲೊಬ್ಬ ಅವ್ನೆ ಬುಡಣ್ಣ. ಇದ್ನ ಇಳ್ಸಿ ಕೊಡಿ. ಇತ್ಲು ಗದ್ದೇಲಿ ಗುಬ್ಬಿ ಕಾಟ, ಅದ್ನಾದ್ರೂ ಕಾಯ್ಲಿ."

ಬೊಂಬೆಯನ್ನು ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಭತ್ತದ ನಡುವೆ ನೆಟ್ಟು ಬಂದಳು. ಗುಬ್ಬಿಗಳು ಒಂದು ದಿನ ಹೆದರಿದವು. ಆಮೇಲೆ ಅದರ ತಲೆಯ ಮೇಲೇ ಕೂತವು. ಅದನ್ನು ನೋಡಿದ ಮೇಲೆ ಪುಟ್ಟಮಾದ ಸುಮ್ಮನೆ ಏಣಿ ಹತ್ತಿದ.

ಇವಳಿಗೆ ಕಲ್ಲೆದೆ ಎಂದು ನೀವು ತಿಳಿಯಬಾರದು. ನಾನೂ ಹಾಗೇ ತಿಳಿದಿದ್ದೆ. ಒಂದು ಸಂಜೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಮರೆತಿದ್ದೆ, ತರಲು ವಾಪಸು ಹೋದೆ. ಚಾವಣಿಯಿಲ್ಲದ ನಡುಮನೆಯಲ್ಲಿ, ಇಟ್ಟಿಗೆ ರಾಶಿಯ ಮೇಲೆ ಕೂತು ಅಳುತ್ತಿದ್ದಳು. ಬರೀ ಅಳುವಲ್ಲ, ಮಾತಾಡುತ್ತಿದ್ದಳು.

"ನಿಂದೇ ಮನೆ ಅಂತ ಒಪ್ಸಿದ್ದೀನಿ. ಒಡೆಯ ಅಂದ್ಮೇಲೆ ವಸಿ ಬಂದ್ ನೋಡ್ಬಾರ್ದಾ? ನಮ್ಮನೆಯವ್ರನ್ನ ನೀನು ಕರ್ಕೊಂಡೆ, ಯಾಕೆ ಅಂತ ಏಳ್ನಿಲ್ಲ. ನಾನು ಬುಡದಂಗೆ ಕೇಳ್ತಾನೇ ಇರ್ತೀನಿ. ಆದ್ರೆ ಈ ಚಾವಣಿ ನಿನ್ ಜವಾಬ್ದಾರಿ ಕಣಪ್ಪ."

ನಾನು ಕೆಮ್ಮಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರ್ ಜೊತೆ ಜಗ್ಳ ಕಣಮ್ಮ?" ಎಂದೆ.

"ಒಡೆಯನ್ ಜೊತೆ. ಎಲ್ಲಾ ನಂದೇ ಅನ್ನೋರು, ಪಾಪ, ಕಷ್ಟ ಬಂದ್ರೆ ಯಾರ್ ಮ್ಯಾಲೆ ರೇಗ್ತಾರೆ ಮೇಸ್ತ್ರಣ್ಣ?"

ದೇವರೆಂದರೆ ಕೈ ಮುಗಿಯುವುದು, ಹರಕೆ ತೀರಿಸುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಮನೆಯ ಸೂರು ಸೋರಿದರೆ ಬಾಡಿಗೆಯವರು ಮಾಲೀಕನ ಹತ್ತಿರ ಹೋಗಿ ಜೋರು ಮಾಡುವ ಹಾಗೆ ಒಬ್ಬಳು ದೇವರ ಹತ್ತಿರ ಮಾತಾಡಿ, ಹಗುರಾಗಿ ಎದ್ದು ಹೋಗಿ ಒಲೆ ಹಚ್ಚಿದ್ದನ್ನು ಅವತ್ತೇ ಕಂಡದ್ದು. ತೂಗುಗುಂಡನ್ನು ಮತ್ತೆ ಅಲ್ಲೇ ಮರೆತು ಬಂದೆ.

ಮೋಲ್ಡು ಹಾಕುವ ದಿನ ಬಂತು. ನಮ್ಮ ಕಡೆ ಚಾವಣಿಗೆ ಮೊದಲ ಬಾಂಡ್ಲಿ ಕಾಂಕ್ರೀಟನ್ನು ಮನೆಯ ಯಜಮಾನ ಸುರಿಯಬೇಕು. ಯಾರು ಸುರಿದರೋ ಮನೆ ಅವರದು ಎಂದು ಊರು ಒಪ್ಪಿಕೊಳ್ಳುತ್ತದೆ. ಬೆಳಿಗ್ಗೆಯೇ ಬಿಳಿ ಅಂಗಿ ತೊಟ್ಟು ಮಳವಳ್ಳಿಯ ಭಾವ ಹಾಜರು. ಮೇಲೆ ಹತ್ತಿ ನಿಂತು, "ತತ್ತಾ ಮೇಸ್ತ್ರಿ ಬಾಂಡ್ಲಿಯ. ಗಂಡ್ಸು ಆಕ್ಬೇಕು" ಎಂದ. ಕರಣೆಗಿಂತ ಜೋರಾಗಿ ಓಡುವ ನನ್ನ ನಾಲಗೆ ಅವತ್ತು ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಮಿಕ್ಸರ್ ತಿರುಗುತ್ತಿತ್ತು. ಕೆಳಗೆ ಅರ್ಧ ಊರು ನಿಂತಿತ್ತು.

ಮಾರ್ತಮ್ಮ ಸೆರಗು ಸಿಕ್ಕಿಸಿ ಏಣಿ ಹತ್ತಿ ಬಂದಳು.

"ಬಾವ, ಈ ಮನೇಗೆ ಒಡೆಯ ಅವ್ನೆ. ನಾನು ಅವ್ನ ಒಕ್ಲು. ಅವ್ನ ಎಸ್ರಲ್ಲಿ ನಾನೇ ಆಕ್ತೀನಿ. ಎರಡ್ನೇದು ನೀವು ಆಕಿ, ಬೇಜಾರ್ ಮಾಡ್ಕಬ್ಯಾಡಿ."

ಬಾಂಡ್ಲಿಗೆ ಕೈ ಚಾಚಿದಳು. ಯಾರೂ ಮಿಸುಕಲಿಲ್ಲ. ಆಗ, ಏಣಿ ಹತ್ತಲು ಹೆದರಿದ್ದ ಅದೇ ಪುಟ್ಟಮಾದ ಬಾಂಡ್ಲಿ ಎತ್ತಿ ಅವಳ ಕೈಗೆ ಕೊಟ್ಟು, "ಉಯ್ಯವ್ವ, ಉಯ್ಯಿ!" ಎಂದು ಕೂಗಿದ. ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ಸುರಿದಳು. ಭಾವನಿಗೆ ಬೇರೆ ದಾರಿಯಿರಲಿಲ್ಲ, ಎರಡನೆಯದನ್ನು ಸುರಿದ. ಬಿಳಿ ಅಂಗಿಯ ಮೇಲೆಲ್ಲ ಸಿಮೆಂಟು ಸಿಡಿಯಿತು. ತವರಿನ ಮಾತು ಅವತ್ತಿಗೆ ಮುಗಿಯಿತು.

ಆ ಚಾವಣಿ ಇವತ್ತಿಗೂ ಒಂದು ಹನಿ ಸೋರಿಲ್ಲ. ನನ್ನ ಕೈಗುಣ ಎಂದು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮದ್ದೂರಿನ ನಮ್ಮ ಮನೆಯನ್ನು ತಳಪಾಯದಿಂದ ನಾನೇ ಕಟ್ಟಿದ್ದು. ಒಂದೊಂದು ಮೂಲೆಯಲ್ಲೂ ನನ್ನ ಕೈಗುರುತು. ಆದರೂ ಅದರೊಳಗೆ ನನಗೆ ಕೂರಲು ಜಾಗವಿರಲಿಲ್ಲ. ದಿನವೆಲ್ಲ ಬೀದಿಯಲ್ಲೇ. ಹಾಗಿದ್ದಾಗ ಮಾರ್ತಮ್ಮ, ಕಿಟಕಿಯ ಸಜ್ಜೆ ಬಿರುಕು ಬಿಟ್ಟಿದೆ ಎಂದು ಕರೆಸಿದಳು. ನೋಡಿದರೆ ಕೂದಲೆಳೆಯಷ್ಟು ಬಿರುಕು. ಜಗುಲಿಯ ಅಂಚಿನಲ್ಲಿ ಆ ಬೊಂಬೆಯ ಮಡಕೆ ತಲೆ ಬಾಯಿ ಮೇಲಾಗಿ ಕೂತಿತ್ತು, ಒಳಗೆ ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು. ಕಾಫಿ ಕೊಟ್ಟು ಕೇಳಿದಳು:

"ಮನೆ ದೊಡ್ಡದಾಗೋಯ್ತಾ ಮೇಸ್ತ್ರಣ್ಣ?"

"ಊಂ ಕಣಮ್ಮ" ಎಂದೆ.

"ನಂಗೂ ಅಂಗೇ ಆಗಿತ್ತು. ನಂದು ಅಂದ್ಕಂಡು ಇರ್ಬ್ಯಾಡಿ, ತಡ್ಯಕ್ಕಾಗಕಿಲ್ಲ. ಅವ್ನ ಮನೇಲಿ ನಾನಿವ್ನಿ ಅಂದ್ಕಳಿ."

ನಾನು ನಮ್ಮ ದೇವರನ್ನು ಬಿಟ್ಟವನಲ್ಲ, ಬಿಡು ಎಂದು ಅವಳೂ ಹೇಳಲಿಲ್ಲ. ಬಿರುಕಿಗೆ ಸಿಮೆಂಟು ಮೆತ್ತಿ ಬಂದೆ.

ಮೊನ್ನೆ ಟೀ ಕುಡಿದು ಮನೆಗೆ ನಡೆದೆ. ಈ ಬಾಗಿಲು ನಿಲ್ಲಿಸಿದವನು ನಾನು. ಇಷ್ಟು ವರ್ಷ ಯಾರನ್ನೂ ಕೇಳದೆ ನುಗ್ಗಿದವನು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತೆ. ನಾಚಿಕೆಯಾಗಿ ಹಿಂದೆ ತಿರುಗಿ ನೋಡಿದೆ, ಬೀದಿಯಲ್ಲಿ ಯಾರೂ ಇರಲಿಲ್ಲ.

"ಒಳೀಕ್ ಬರ್ಲಾ?" ಎಂದೆ.

ಆಮೇಲೆ ಹೋಗಿ, ಹೆಂಡತಿ ಕೂರುತ್ತಿದ್ದ ಮೂಲೆಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತೆ. ಜಾಗವಿತ್ತು.