ಮೊದಲು ಅವರಿಗೆ ತೋರಿಸು

ಅಕ್ಕೋರ ಎಡಗಾಲು ಯಾವಾಗ ನೋಡಿದರೂ ಚಪ್ಪಲಿಯಿಂದ ಅರ್ಧ ಹೊರಗೆ. ಕೂತರೆ ಆ ಕಾಲು ನೆಲ ತಿಕ್ಕುತ್ತಿತ್ತು, ನಿಂತರೆ ಬಲಗಾಲಿನ ಹಿಮ್ಮಡಿಯನ್ನು ತಿಕ್ಕುತ್ತಿತ್ತು. ಚಹಾ ಪೂರ್ತಿ ಕುಡಿದದ್ದನ್ನು ನಾನು ಕಂಡವಳಲ್ಲ. ಅರ್ಧ ಕಪ್ಪನ್ನು ಕಿಟಕಿಯ ಮೇಲಿಟ್ಟು, "ನಡಿ ನಡಿ, ಬೆಳಕು ಹೋಗ್ಲಾಕತ್ತದ" ಎಂದು ಮೆಟ್ಟಿಲು ಇಳಿದೇಬಿಡುತ್ತಿದ್ದರು. ಬೆಳಕು ಎಲ್ಲಿ ಹೋಗುತ್ತಿತ್ತು? ಮಟಮಟ ಮಧ್ಯಾಹ್ನ, ಅದೂ ಕಲಬುರಗಿಯ ಬೇಸಿಗೆ!

ಅವರು ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೂರಲಾಗದೆ, ಖೂಬಾ ಪ್ಲಾಟ್ ಬಡಾವಣೆಯ ಒಬ್ಬ ಕೇಬಲ್ ಟಿವಿ ಮಾಲೀಕರನ್ನು ಕಾಡಿ ಬೇಡಿ, ಭಾನುವಾರ ಸಂಜೆಯ ಅರ್ಧ ಗಂಟೆ ಇಸಿದುಕೊಂಡಿದ್ದರು. ಊರಿನ ಮಂದಿಯದೇ ಕಾರ್ಯಕ್ರಮ. ಶೇಂಗಾ ಹಿಂಡಿ ಕುಟ್ಟುವ ಬಗೆ, ತೊಗರಿಯ ಧಾರಣೆ, ನಂದೂರಿನ ದಾಲ್ ಮಿಲ್ಲಿನಲ್ಲಿ ಕಾಳು ಹಸನು ಮಾಡುವ ಹೆಂಗಸರ ಹಾಡು, ಬ್ರಹ್ಮಪುರದಲ್ಲಿ ನೀರು ಬಾರದ ನಳ, ಕಳೆದುಹೋದ ಎಮ್ಮೆ, ಎಲ್ಲಾ ಒಂದೇ ಬುಟ್ಟಿಯಲ್ಲಿ. ಮಾತು ಅಕ್ಕೋರದು, ಕ್ಯಾಮೆರಾ ನನ್ನದು. ಕಾಲೇಜು ಮುಗಿಸಿ ಬ್ರಹ್ಮಪುರದ ಮನೆಯಲ್ಲಿ ಹೆಣ್ಣು ನೋಡಲು ಬರುವವರಿಗೆ ಅವಲಕ್ಕಿ ಕೊಡುತ್ತಾ ಕೂತಿದ್ದ ನನ್ನನ್ನು ಎಳೆದೊಯ್ದವರೇ ಅವರು. "ಆಕೀನ ಎಷ್ಟು ಮಂದಿ ನೋಡ್ತೀರಿ? ಇನ್ನ ಆಕೀನೂ ಜರಾ ಮಂದೀನ ನೋಡ್ಲಿ" ಎಂದು ನಮ್ಮವ್ವನ ಎದುರಿಗೇ ಅಂದಿದ್ದರು. ಅವ್ವ ನಕ್ಕುಬಿಟ್ಟಳು, ನಾನು ಪಾರಾದೆ.

ಕೆಲಸದಲ್ಲಿ ಅವರದು ಒಂದೇ ಒಂದು ಹಟ. "ಯಾರ ಮುಖ ಅದನೋ ಮೊದ್ಲ ಅವರಿಗೆ ತೋರಸು. ಊರಿಗೆ ಆಮ್ಯಾಲ." ಹೇಳುವುದು ಸುಲಭ! ಚಿತ್ರ ತೆಗೆದು, ಕತ್ತರಿಸಿ, ಜೋಡಿಸಿ, ಶನಿವಾರ ಸಣ್ಣ ಟಿವಿಯನ್ನು ಕೌದಿಯಲ್ಲಿ ಸುತ್ತಿ ಆಟೋದಲ್ಲೋ ಬಸ್ಸಿನಲ್ಲೋ ಹೇರಿಕೊಂಡು ಅವರವರ ಮನೆಗೆ ಹೋಗಬೇಕು. ಕರೆಂಟು ಇದ್ದರೆ ಪುಣ್ಯ. ಅವರು ನೋಡಿ, ನಾಚಿ, "ಇರ್ಲಿ" ಅಂದರೆ ಉಳಿಯಿತು, "ತೆಗೀರಿ" ಅಂದರೆ ಹೋಯಿತು. ಯಾಕೆ ಅಂತ ಅಕ್ಕೋರು ಕೇಳುತ್ತಿರಲಿಲ್ಲ. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಟಿವಿ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು.

ಒಮ್ಮೆ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಹೋದೆವು. ಮಾದರಿ ರೈತನೆಂದು ಸನ್ಮಾನ ಮಾಡಿಸಿಕೊಂಡಿದ್ದ ಒಬ್ಬರು ಶಾಲು ಹೊದ್ದೇ ತೋಟಕ್ಕೆ ಬಂದು, ಗೊನೆಯ ಪಕ್ಕ ನಿಂತು ಬಹಳ ಹೊತ್ತು ಮಾತಾಡಿದರು. ಅವರ ಹೆಂಡತಿ ಹಿಂದೆ ಗೊನೆಗೆ ಊರೆಕೋಲು ಕೊಡುತ್ತಿದ್ದಳು. ಅಕ್ಕೋರು ಸುಮ್ಮನಿರದೆ ಅವಳ ಕಡೆ ತಿರುಗಿ, "ನಿಂದೇನವ್ವಾ ಕೆಲಸ?" ಎಂದರು. ಅವಳು ಕೋಲನ್ನು ಬಿಡದೆಯೇ ಹೇಳಿದಳು: "ಗಡ್ಡಿ ಹಚ್ಚೂದು, ನೀರ್ ಬಿಡೂದು, ಗೊನಿ ಕಡಿಯೂದು ನಂದ್ರಿ. ಶಾಲು ಹೊಚ್ಕೊಳೂದು ಅವರದು."

ನಾನು ಕ್ಯಾಮೆರಾದ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕೆ. ಆ ಕಾರ್ಯಕ್ರಮದ ಹುಟ್ಟಿನಿಂದ ಅಷ್ಟು ಖಡಕ್ ಮಾತು ನಮಗೆ ಸಿಕ್ಕಿರಲಿಲ್ಲ. ಕೇಬಲ್ ಮಾಲೀಕರಂತೂ ಕುಣಿದಾಡಿದರು. "ಕ್ಯಾ ಬಾತ್ ಹೈ ಅಕ್ಕೋರೇ! ಇದು ನೋಡ್ರಿ ಐಟಂ! ಇದನ್ನ ದಿನಾ ಹಾಕ್ತೀನಿ." ಕಾರ್ಯಕ್ರಮವನ್ನು ಮುಚ್ಚಿ ಆ ಹೊತ್ತಿಗೆ ಸಿನಿಮಾ ಹಾಡು ಹಾಕುವ ವಿಚಾರದಲ್ಲಿದ್ದವರು ಅವರು. ಈ ಮಾತಿನಿಂದ ಕಾರ್ಯಕ್ರಮ ಉಳಿಯಿತು ಅಂತಲೇ ನಾನು ತಿಳಿದೆ.

ಶನಿವಾರ ಕಮಲಾಪುರದ ಅವರ ಪಡಸಾಲೆಯಲ್ಲಿ ಟಿವಿ ಹಚ್ಚಿದೆವು. ಓಣಿಯೆಲ್ಲಾ ಸೇರಿತ್ತು. ಆ ಮಾತು ಬಂದಾಗ ಹೆಂಗಸರು ಕಿಸಕ್ಕೆಂದರು. ಗಂಡ ಎದ್ದು ನಿಂತು, "ಇದನ್ನ ತೆಗೀರಿ" ಎಂದ. ಅಕ್ಕೋರು ಅವನ ಕಡೆ ನೋಡಲೂ ಇಲ್ಲ. "ಮಾತು ನಿಂದಲ್ಲೋ ತಮ್ಮಾ. ಆಕಿ ಹೇಳ್ಲಿ." ಎಲ್ಲರೂ ಅವಳ ಮುಖವನ್ನೇ ನೋಡಿದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ, "ತೆಗೀರಿ ಅಕ್ಕೋರೇ" ಅಂದಳು.

ವಾಪಸ್ ಬರುವ ದಾರಿಯುದ್ದಕ್ಕೂ ನಾನು ಜಗಳಾಡಿದೆ. "ಅಂಜಿ ಹೇಳ್ಯಾಳ್ರಿ ಆಕಿ! ಖರೇ ಮಾತು ಅದ, ಯಾಕ ತೆಗೀಬೇಕು?"

"ಖರೇನೇ ಅದ. ಆದ್ರ ಆಕಿದು ಅದು, ನಮ್ಮದಲ್ಲ."

"ನಾವು ತೆಗದ್ರ ಕಾರ್ಯಕ್ರಮ ಬಂದ್ ಆಗ್ತದ್ರಿ."

"ಆಗ್ಲಿ. ನಾಳೆ ಬೆಳಿಗ್ಗಿ ಆ ಮನ್ಯಾಗ ನೀ ಇರ್ತಿಯೇನು, ನಾ ಇರ್ತೀನೇನು? ಆಕಿ ಇರ್ತಾಳ."

ಹಾಗೆಂದರೂ ಅವರಿಗೇನೂ ಸಮಾಧಾನವಿರಲಿಲ್ಲ. ಎಡಗಾಲು ಬಸ್ಸಿನ ತಗಡನ್ನು ಕೆರೆಯುತ್ತಲೇ ಇತ್ತು. ಭಾನುವಾರ ಆ ಹೆಂಗಸು ಗೊನೆಗೆ ಕೋಲು ಕೊಡುವ ಚಿತ್ರ ಟಿವಿಯಲ್ಲಿ ಬಂತು, ಮಾತಿರಲಿಲ್ಲ. ಮಾಲೀಕರು ಕೆಂಡವಾದರು. ಮುಂದಿನ ಭಾನುವಾರ ನಮ್ಮ ಅರ್ಧ ಗಂಟೆಯಲ್ಲಿ ಯಾರೋ ಹೀರೋ ಮರ ಸುತ್ತುತ್ತಿದ್ದ. ನಾಲ್ಕು ದಿನ ನಾನು ಅಕ್ಕೋರೊಂದಿಗೆ ಮಾತು ಬಿಟ್ಟೆ.

ಮಳೆಗಾಲ ಮುಗಿದ ಮೇಲೆ ಆ ಹೆಂಗಸು ಒಬ್ಬಳೇ ಬಸ್ಸು ಹತ್ತಿ ಅಕ್ಕೋರ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ನಾನೂ ಅಲ್ಲಿದ್ದೆ.

"ಅಕ್ಕೋರೇ, ಆ ಮಾತು ಈಗ ಹಾಕ್ರಿ."

ಅಕ್ಕೋರು ಹಣೆ ಒತ್ತಿಕೊಂಡರು. "ಎಲ್ಲಿ ಹಾಕ್ಲವ್ವಾ? ಕಾರ್ಯಕ್ರಮಾನೇ ಇಲ್ಲ. ಆ ಕ್ಯಾಸೆಟ್ಟಿನ ಮ್ಯಾಲ ಬ್ಯಾರೇದು ತುಂಬೀವಿ. ನೀ ತೆಗಿ ಅಂದಿದ್ದಿ, ಪೂರಾ ತೆಗದೀನಿ."

ಅವಳು ಹಣ್ಣನ್ನು ಅಕ್ಕೋರ ಮುಂದಿಟ್ಟು, "ಹೋಗ್ಲಿ ಬಿಡ್ರಿ. ಮೊನ್ನಿ ಮತ್ತ ಸನ್ಮಾನಕ್ಕ ಕರದಿದ್ರು. ನಾನೇ ಮುಂದ ಹೋಗಿ ಕುರ್ಚಿ ಮ್ಯಾಲ ಕುಂತೆ" ಎಂದಳು. ಅಕ್ಕೋರು ಅವತ್ತು ನಕ್ಕ ನಗೆ ಪಕ್ಕದ ಮನೆಗೂ ಕೇಳಿರಬೇಕು. ಕಾರ್ಯಕ್ರಮವೂ ಹೋಯಿತು, ಮಾತೂ ಹೋಯಿತು, ಇವರಿಬ್ಬರೂ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾರಲ್ಲ!

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ನನ್ನದೂ ಫೋನಿನಲ್ಲೇ ಒಂದು ಸಣ್ಣ ಚಾನೆಲ್ಲು. ಬಿದ್ದವರ, ಅತ್ತವರ, ಬೈದಾಡಿದವರ ಚಿತ್ರಗಳು ಅವರು ಎದ್ದು ಕಣ್ಣೊರೆಸಿಕೊಳ್ಳುವ ಮೊದಲೇ ಊರು ಸುತ್ತಿರುತ್ತವೆ. ನಾನು ಮಾತ್ರ ಇನ್ನೂ ಫೋನು ಹಿಡಿದು ಮನೆಮನೆಗೆ ತಿರುಗುತ್ತೇನೆ, ತೋರಿಸುತ್ತೇನೆ, ತೆಗೆಯುತ್ತೇನೆ, ಎಲ್ಲರಿಗಿಂತ ಹಿಂದೆ ಬೀಳುತ್ತೇನೆ. ಬೇರೆ ರೀತಿ ಮಾಡಲು ಕೈ ಬರುವುದಿಲ್ಲ, ಏನು ಮಾಡಲಿ?

ಅಕ್ಕೋರು ಹಾಸಿಗೆ ಹಿಡಿದಾಗ ಅವರದೊಂದು ಚಿತ್ರ ಮಾಡಿದೆ. ಕಾರ್ಯಕ್ರಮದ ಹುಟ್ಟು ಸಾವು, ಎಲ್ಲಾ ಹೇಳಿದರು, ಚೆಂದ ಹೇಳಿದರು. ಜೋಡಿಸಿ ತೋರಿಸಿದೆ. ಕಣ್ಣು ಮಿಟುಕಿಸದೆ ನೋಡಿದರು. ಕೌದಿಯೊಳಗೆ ಎಡಗಾಲು ಅಲ್ಲಾಡುತ್ತಿತ್ತು.

"ತೆಗಿ" ಅಂದರು.

ನಾನು ಎಂದೂ ಯಾರನ್ನೂ ಕೇಳದ್ದನ್ನು ಅವತ್ತು ಕೇಳಿಬಿಟ್ಟೆ. "ಯಾಕ್ರಿ ಅಕ್ಕೋರೇ?"

"ನಮ್ಮನಿಯವರು ತೀರಿಕೊಂಡಾಗ ಪೇಪರ್‌ನವರು ನನ್ನ ಫೋಟೋ ಹಾಕಿದ್ರು. ಹೆಣದ ಮುಂದ ಬಾಯಿ ತಕ್ಕೊಂಡು ಅಳ್ಲಾಕತ್ತೀನಿ. ಯಾರೂ ಒಂದ್ ಮಾತು ಕೇಳ್ಲಿಲ್ಲ. ಮುಂದೊಂದ್ ದಿನ ಬಜಾರದಾಗ ಶೇಂಗಾ ತಗೊಂಡ್ರ, ಅಂಗಡಿಯವ ಆ ಪೇಪರ್ ಹರದು, ನನ್ನ ಅದೇ ಮುಖದಾಗ ಕಟ್ಟಿ ಕೊಟ್ಟ." ಉಸಿರು ಎಳೆದುಕೊಂಡು, "ಇದೂ ಅಂಥದೇ ಮುಖ ಅದ. ತೆಗಿಯವ್ವಾ" ಎಂದರು.

ಅವರ ಎದುರಿಗೇ ತೆಗೆದೆ. ನನ್ನ ಹತ್ತಿರ ಇದ್ದ ಅವರ ಚಿತ್ರ ಅದೊಂದೇ. ಕೆಲವೇ ದಿನಕ್ಕೆ ಅವರೂ ಹೋದರು. ಎಷ್ಟೋ ದಿನ ಆ ಫೋನನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಇದನ್ನು ಬರೆದು ಮುಗಿಸಿದ ಮೇಲೆ ಕಮಲಾಪುರಕ್ಕೆ ಹೋಗಿ ಆ ಹೆಂಗಸಿಗೆ ಓದಿ ಹೇಳಿದೆ. ಅವಳ ಕೂದಲೂ ಈಗ ನರೆತಿದೆ. ಶಾಲಿನ ಮಾತು ಬಂದಾಗ ಜೋರಾಗಿ ನಕ್ಕು, "ಈ ಸಲ ಹಾಕ್ರಿ, ನಂದು ಇರ್ಲಿ" ಅಂದಳು. ಉಳಿದದ್ದನ್ನೂ ಓದಿದೆ. ಕೊನೆಗೆ ಕೇಳಿದಳು, "ಇದನ್ನ ಅಕ್ಕೋರಿಗಿ ತೋರಿಸೀರೇನು?"

ಬರೆದದ್ದರಲ್ಲಿ ಅಲ್ಲಲ್ಲಿ ಅಕ್ಕೋರ ನಿಜವಾದ ಹೆಸರಿತ್ತು. ವಾಪಸ್ ಬರುವಾಗ ಬಸ್ಸಿನಲ್ಲೇ ಪೆನ್ನು ತೆಗೆದು, ಹೆಸರಿದ್ದ ಕಡೆಯೆಲ್ಲಾ ಹೊಡೆದುಹಾಕಿ ಅಕ್ಕೋರು ಎಂದು ಬರೆದೆ. ಅವರನ್ನು ಕೇಳದೆ ನಾನು ತೆಗೆಯಬಹುದಾದದ್ದು ಅಷ್ಟೇ ಇತ್ತು.