ಗರಗಸದ ಗ

ಕಾವಲುಗಾರ ಬೀಗದ ಕೈ ಹುಡುಕುವಷ್ಟರಲ್ಲಿ ಟೀಚರ್ ಬಂದು ಗೇಟಿನ ಹೊರಗೆ ನಿಂತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ‘ಮಕ್ಕಳು ಬರೋಕೆ ಎಷ್ಟೊಂದು ಹೊತ್ತಿದೆ. ನಿಮಗೇನು ನಿದ್ದೇನೇ ಬರಲ್ವಾ ಮೇಡಂ?’ ಎಂದು ಆತ ಗೊಣಗುತ್ತಲೇ ಗೇಟು ತೆಗೆಯುತ್ತಾನೆ. ಟೀಚರ್ ನಗುತ್ತಾ ಒಳಗೆ ಹೋಗುತ್ತಾರೆ. ಒಂದನೇ ತರಗತಿಯ ಕಿಟಕಿಗಳನ್ನು ತೆರೆದು, ನಿನ್ನೆ ಯಾರೋ ಬಿಟ್ಟುಹೋದ ಒಂಟಿ ಕಾಲುಚೀಲವನ್ನು ಕೊಡವಿ ಮೇಜಿನ ಮೇಲಿಟ್ಟು, ಕೊನೆಯ ಸಾಲಿನ ಗಿಡ್ಡ ಬೆಂಚಿನಲ್ಲಿ ಹೇಗೋ ಮಂಡಿ ತೂರಿಸಿ ಕೂರುತ್ತಾರೆ. ಆಮೇಲೆ ಎರಡು ಬೆರಳನ್ನು ಗಂಟಲಿಗೆ ಒತ್ತಿ ಹಿಡಿದು ಒಂದೇ ಒಂದು ಅಕ್ಷರ ಹೇಳುತ್ತಾರೆ.

‘ಗ.’

ಬಾಯಿ ಗ ಎನ್ನುತ್ತದೆ. ಕಿವಿಗೆ ಬೀಳುವುದು ಬರೀ ಗಾಳಿ. ಇನ್ನೊಮ್ಮೆ ಹೇಳುತ್ತಾರೆ, ಮತ್ತೊಮ್ಮೆ ಹೇಳುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದು ಬಾಗಿಲ ಬಳಿ ನಿಂತ ನನಗೆ ಅದು ಪ್ರತಿ ಸಲವೂ ಕ ಎಂದೇ ಕೇಳಿಸುತ್ತದೆ. ‘ಹೇಗಿತ್ತು?’ ಎಂದು ಹುಬ್ಬೇರಿಸುತ್ತಾರೆ. ಸುಳ್ಳು ಹೇಳಲು ಬಾಯಿ ಬಾರದೆ ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಅವರಿಗೇನೂ ಬೇಜಾರಿಲ್ಲ. ಬೆರಳು ಮತ್ತೆ ಗಂಟಲಿಗೆ ಹೋಗುತ್ತದೆ.

ಇವರು ಒಂದನೇ ತರಗತಿಗೆ ಪಾಠ ಹೇಳಲು ಹಿಡಿದು ಇಪ್ಪತ್ತು ವರ್ಷ ದಾಟಿದೆ. ದೊಡ್ಡ ತರಗತಿ ಕೊಡುತ್ತೇವೆಂದಾಗಲೆಲ್ಲ ಬೇಡವೆಂದಿದ್ದಾರೆ. ಮಕ್ಕಳೆಲ್ಲ ಎರಡನೇ ತರಗತಿಗೆ ಪಾಸಾಗುತ್ತಾರೆ, ಟೀಚರ್ ಒಬ್ಬರೇ ಪ್ರತಿ ವರ್ಷ ಫೇಲಾಗಿ ಇಲ್ಲೇ ಉಳಿಯುತ್ತಾರೆ ಎಂಬುದು ಸ್ಟಾಫ್ ರೂಮಿನ ಹಳೆಯ ತಮಾಷೆ. ಇನ್ನೊಂದು ತಮಾಷೆಯೂ ಇತ್ತು. ಇವರ ಅಡ್ಡಹೆಸರು ‘ಮೈಕ್’. ಇವರು ಇಲ್ಲಿ ಅಕ್ಷರ ಹೇಳಿಕೊಡುವುದನ್ನು ಕೇಳಿ ಕೇಳಿಯೇ ರಸ್ತೆಯಾಚೆಯ ಸೈಕಲ್ ಅಂಗಡಿಯವನ ಮಗಳು ಶಾಲೆಗೆ ಸೇರುವ ಮೊದಲೇ ಓದಲು ಕಲಿತಿದ್ದಳಂತೆ. ಆ ಅಡ್ಡಹೆಸರನ್ನು ಈಗ ಯಾರೂ ಬಾಯಿಗೆ ತರುವುದಿಲ್ಲ.

ಕಳೆದ ರಜೆಯಲ್ಲಿ ಆಪರೇಷನ್ ಮಾಡಿ ಟೀಚರ್ ಕುತ್ತಿಗೆಯಿಂದ ಗೋಲಿ ಗಾತ್ರದ ಒಂದು ಗಂಟನ್ನು ತೆಗೆದರು. ಗಂಟು ಕೆಟ್ಟದ್ದಲ್ಲವೆಂದು ಗೊತ್ತಾಗಿ ಮನೆಯವರೆಲ್ಲ ನಿರಾಳವಾಗಿ ಉಸಿರು ಬಿಟ್ಟರು. ಆದರೆ ಅದರ ಜೊತೆಗೆ ಸ್ವರವೂ ಹೋಗಿತ್ತು. ಉಳಿದದ್ದು ಉಸಿರಿನ ಮಾತು. ಅಭ್ಯಾಸ ಮಾಡಿದರೆ ಸ್ವರ ಸ್ವಲ್ಪ ಸ್ವಲ್ಪವಾಗಿ ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದಾರೆ ಡಾಕ್ಟರ್. ಅದಕ್ಕೇ ಬೆಳಗಿನ ಈ ಅಭ್ಯಾಸ. ‘ಮನೇಲಿ ಮಾಡಿದ್ರೆ ಎಲ್ಲರೂ ಮುಖ ಸಣ್ಣ ಮಾಡ್ಕೊಂಡು ನೋಡ್ತಾರೆ. ಖಾಲಿ ಬೆಂಚುಗಳಿಗೆ ಅಂಥ ಕೆಟ್ಟ ಅಭ್ಯಾಸ ಇಲ್ಲ,’ ಎನ್ನುತ್ತಾರೆ. ಅವರ ಮಾತು ಕೇಳಬೇಕಾದರೆ ಪಕ್ಕದಲ್ಲೇ ಕೂರಬೇಕು. ನನ್ನ ಮೊಬೈಲಿನ ರೆಕಾರ್ಡರ್ ಆ ಪಿಸುಮಾತನ್ನು ಹಿಡಿಯಲಾಗದೆ ಆಗಲೇ ಕೈಕೊಟ್ಟಿದೆ.

ಶಾಲೆ ಶುರುವಾಗುವ ಹಿಂದಿನ ದಿನ ಮುಖ್ಯೋಪಾಧ್ಯಾಯಿನಿ ಇವರನ್ನು ಕರೆಸಿದರು. ಎಲ್ಲರೂ ‘ದೊಡ್ಡ ಮೇಡಂ’ ಎನ್ನುವ ಅವರು ಒರಟಾಗಿ ಕಂಡರೂ ಕೆಟ್ಟವರಲ್ಲ. ‘ನಾನು ಖಡಾಖಂಡಿತವಾಗಿ ಹೇಳ್ದೆ,’ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ‘ಹೊಸ ಮಕ್ಕಳು, ಮೂವತ್ತೊಂದು ಜನ. ಒಬ್ಬ ಗೇಟಿನ ಕಡೆ ಓಡಿದ್ರೆ “ಏಯ್ ನಿಲ್ಲೋ” ಅನ್ನೋಕಾದ್ರೂ ಗಂಟಲು ಬೇಡ್ವಾ? ಒಂದು ವಾರ ನೋಡೋಣ, ಆಗಲ್ಲ ಅಂದ್ರೆ ಆಫೀಸಿನಲ್ಲಿ ಕೂತ್ಕೊಳ್ಳಿ ಅಂದೆ.’ ಇವತ್ತು ಆ ವಾರದ ಕೊನೆಯ ದಿನ. ಸಂಜೆಯೊಳಗೆ ದೊಡ್ಡ ಮೇಡಂ ತೀರ್ಮಾನ ಹೇಳಬೇಕು. ಟೀಚರ್‌ಗೆ ಈ ಕೋಣೆ ಉಳಿಯುತ್ತದೆಯೋ ಇಲ್ಲವೋ ಎಂಬುದು ಅದರ ಮೇಲಿದೆ.

ಮೊದಲ ದಿನ ಹೇಗಿರುತ್ತದೆಂದು ಒಂದನೇ ತರಗತಿಯ ಬಾಗಿಲಲ್ಲಿ ನಿಂತವರಿಗೆಲ್ಲ ಗೊತ್ತು. ಒಂದು ಮಗು ಅತ್ತರೆ ಅದರ ಅಳು ಕೇಳಿ ಇನ್ನೊಂದು, ಅವೆರಡನ್ನು ನೋಡಿ ಮೂರನೆಯದು. ಹೊರಗೆ ಕಿಟಕಿಯ ಸರಳು ಹಿಡಿದು ನಿಂತ ಅಪ್ಪ ಅಮ್ಮಂದಿರದ್ದು ಬೇರೆ ಗೋಳು. ಹಿಂದೆಲ್ಲ ಟೀಚರ್ ಅಷ್ಟು ಅಳುವನ್ನೂ ಮೀರಿಸುವ ದನಿಯಲ್ಲಿ ಹಾಡು ಎತ್ತಿಕೊಳ್ಳುತ್ತಿದ್ದರು. ಈ ಸಲ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಹುಡುಗಿಯ ಪಕ್ಕ ಹೋಗಿ ಕೂತು, ಅವಳ ಕಿವಿಯಲ್ಲಿ ಏನೋ ಹೇಳಿದರು. ಮುಂದಿನ ಎರಡು ಹಲ್ಲಿಲ್ಲದ ಆ ಹುಡುಗಿಯನ್ನು ಅವಳ ಅಜ್ಜಿ ಕರೆಯುವುದು ‘ಚಿನಕುರಳಿ’ ಎಂದು. ಅವಳು ಅಳು ನಿಲ್ಲಿಸಿ, ‘ಏನು? ಏನಂದ್ರಿ?’ ಎಂದಳು. ಟೀಚರ್ ಮತ್ತೆ ಪಿಸುಗುಟ್ಟಿದರು. ಪಕ್ಕದವನು, ‘ನಂಗೂ ಹೇಳಿ’ ಎಂದು ಬಗ್ಗಿದ. ಹಿಂದಿನ ಬೆಂಚಿನವರು ತಮಗೇನೋ ತಪ್ಪಿಹೋಯಿತೆಂದು ಅಳುವುದನ್ನೇ ಮರೆತು ಎದ್ದು ಬಂದರು.

‘ಅಂಥಾದ್ದೇನು ಹೇಳಿದ್ರಿ?’ ಎಂದು ಕೇಳುತ್ತೇನೆ.

‘ಏನಿಲ್ಲ. ಮೂಗು ಒರೆಸ್ಕೋ ಅಂದೆ.’

ಅಂತೂ ಮೊದಲ ದಿನ ಗೆದ್ದದ್ದಾಯಿತು. ಗೇಟಿನ ಚಿಂತೆಗೂ ದಾರಿಯಾಯಿತು. ಟೀಚರ್ ಗಂಡ ಬಡಗಿ. ಅವರು ಮಾಡಿಕೊಟ್ಟ ಎರಡು ಮರದ ತುಂಡುಗಳನ್ನು ‘ಟಕ್ ಟಕ್’ ಎಂದು ಬಡಿದರೆ ಎಲ್ಲಿದ್ದರೂ ನಿಲ್ಲಬೇಕು. ಎರಡನೇ ದಿನ ಮಕ್ಕಳು ಅದನ್ನೇ ಆಟ ಮಾಡಿಕೊಂಡರು. ಟಕ್ ಅಂದರೆ ಸಾಕು, ಒಂದು ಕಾಲೆತ್ತಿದವನು ಎತ್ತಿದಂತೆಯೇ ನಿಲ್ಲುತ್ತಿದ್ದ. ಆದರೆ ಮನೆಗಳಲ್ಲಿ ಬೇರೆಯೇ ಗಲಾಟೆ ಎದ್ದಿತು. ಶಾಲೆಯಲ್ಲಿ ಮಾತಾಡುವುದೆಂದರೆ ಹೀಗೇ ಎಂದುಕೊಂಡ ಮಕ್ಕಳು ಮನೆಗೆ ಹೋಗಿಯೂ ಪಿಸುಗುಟ್ಟತೊಡಗಿದರು. ‘ನಮ್ಮ ಹುಡುಗಿಗೆ ಗಂಟಲು ಕಟ್ಟಿದೆ ಅಂತ ರಾತ್ರಿಯೆಲ್ಲಾ ಬಿಸಿನೀರು ಕುಡಿಸ್ದೆ,’ ಎನ್ನುತ್ತಾರೆ ಚಿನಕುರಳಿಯ ಅಜ್ಜಿ. ‘ಕೊನೆಗೆ ಅವಳೇ ಹೇಳಿದ್ಲು, ಅಜ್ಜೀ ಇದು ಓದಿರೋರ ಮಾತು, ನಿಂಗೆ ಬರಲ್ಲ ಅಂತ!’

ಪೆಟ್ಟು ಬಿದ್ದದ್ದು ಮೂರನೇ ದಿನ. ದಿನಕ್ಕೊಂದರಂತೆ ರ, ಗ, ಸ ಎಂಬ ಮೂರು ಅಕ್ಷರ ಮುಗಿದಿದ್ದವು. ಇಷ್ಟರಲ್ಲೇ ಮಕ್ಕಳಿಂದ ಒಂದು ಪೂರ್ತಿ ಪದ ಓದಿಸಿಬಿಡುವುದು ಟೀಚರ್ ವರ್ಷಾವರ್ಷ ಮಾಡುವ ಕ್ರಮ. ಕೊಂಬಿಲ್ಲ, ಇಳಿಯಿಲ್ಲ, ಒತ್ತಕ್ಷರದ ಕಾಟವಿಲ್ಲ, ಆದರೂ ನಾಲ್ಕಕ್ಷರದ ಗಟ್ಟಿ ಪದ, ಗರಗಸ. ಅದನ್ನು ಓದಿದ ಮಗು ಮನೆಗೆ ಹೋಗುವಾಗ ನಡಿಗೆಯೇ ಬೇರೆ ಇರುತ್ತದೆ ಎನ್ನುತ್ತಾರೆ ಅವರು. ಬೋರ್ಡಿನ ಮೇಲೆ ಗರಗಸ ಎಂದು ಬರೆದಿತ್ತು. ಆಗ ಬಾಗಿಲಲ್ಲಿ ದೊಡ್ಡ ಮೇಡಂ ಬಂದು ನಿಂತರು. ಟೀಚರ್ ಹೆಮ್ಮೆಯಿಂದ ಬೋರ್ಡಿನತ್ತ ಕೈ ತೋರಿಸಿದರು. ಮೂವತ್ತೊಂದು ಮಕ್ಕಳು ಎದ್ದು ನಿಂತು, ದೊಡ್ಡ ಮೇಡಂ ಮುಖವನ್ನೇ ನೋಡುತ್ತಾ, ಒಟ್ಟಿಗೆ ಪಿಸುಗುಟ್ಟಿದರು.

‘ಕರಕಸ!’

‘ನಂಗೆ ಕೇಳಿಸಿದ್ದು ಕರ್ಕಶ ಅಂತ,’ ಎಂದು ದೊಡ್ಡ ಮೇಡಂ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ‘ನನ್ನ ದನಿ ಹೇಗಿದೆ ಅಂತ ನಂಗೇನು ಗೊತ್ತಿಲ್ವಾ? ಯಾರೋ ಹೇಳ್ಕೊಟ್ಟಿದ್ದಾರೆ ಅಂತಾನೇ ಅಂದ್ಕೊಂಡೆ. ಸ್ಟಾಫ್ ರೂಮಿಗೆ ಹೋಗಿ ಒಬ್ಬೊಬ್ಬರ ಮುಖಾನೂ ದುರುಗುಟ್ಟಿಕೊಂಡು ನೋಡ್ದೆ!’

ಅವತ್ತು ಟೀಚರ್‌ಗೆ ನಗು ಬರಲಿಲ್ಲ. ಅವರ ತಪ್ಪು ಅವರಿಗೆ ಆಗಲೇ ಹೊಳೆದಿತ್ತು. ಉಸಿರಿನಲ್ಲಿ ಹೇಳಿದರೆ ಗ ಎಂಬುದು ಕ ಆಗುತ್ತದೆ, ದ ಎಂಬುದು ತ ಆಗುತ್ತದೆ, ಬ ಎಂಬುದು ಪ. ಗೊತ್ತಿರುವ ಮಾತಾದರೆ ಕೇಳುವವರು ತಾವೇ ಸರಿಮಾಡಿಕೊಳ್ಳುತ್ತಾರೆ. ಆದರೆ ಗರಗಸವನ್ನು ಕಣ್ಣಾರೆ ಕಂಡ ಮಗು ಆ ತರಗತಿಯಲ್ಲಿ ಒಂದೂ ಇರಲಿಲ್ಲ. ‘ನನ್ನ ತಲೆಯೊಳಗೆ ಅದು ಗ ಅಂತಲೇ ಕೇಳಿಸ್ತಿತ್ತು,’ ಎನ್ನುತ್ತಾರೆ. ‘ಇಷ್ಟು ವರ್ಷದಲ್ಲಿ ಮಕ್ಕಳಿಗೆ ತಪ್ಪು ಅಕ್ಷರ ಕಲಿಸಿದ್ದು ಅದೇ ಮೊದಲು. ಆಫೀಸಿನ ಮೇಜೇ ಸರಿ ಅನ್ನಿಸಿಬಿಡ್ತು. ತುಂಬಾ ಅಳು ಬಂತು. ಅಳೋಕೂ ದನಿ ಇಲ್ಲ ನೋಡಿ, ಸುಮ್ನೆ ಕಣ್ಣೀರು ಸುರೀತಿತ್ತು.’

ಆ ಸಂಜೆ ಮನೆಯ ಹಿಂದಿನ ಷೆಡ್ಡಿನಲ್ಲಿ ಗಂಡ ಹಲಗೆ ಕೊಯ್ಯುತ್ತಿದ್ದರು. ಹಲಗೆ ಅಲುಗದಂತೆ ಇನ್ನೊಂದು ತುದಿ ಹಿಡಿದುಕೊಳ್ಳುವುದು ಮದುವೆಯಾದಾಗಿನಿಂದ ಟೀಚರ್ ಕೆಲಸ. ಹಿಡಿದಿದ್ದ ಅಂಗೈಯಲ್ಲಿ ಜುಂ ಎನ್ನುವ ನಡುಕ. ಗರಗಸ ನಿಂತರೆ ನಡುಕವೂ ನಿಲ್ಲುತ್ತಿತ್ತು. ಇನ್ನೊಂದು ಕೈಯನ್ನು ಗಂಡನ ಗಂಟಲಿಗೆ ಇಟ್ಟು, ‘ರೀ, ಗ ಅನ್ನಿ’ ಎಂದರಂತೆ.

‘ನನ್ನ ಕೈಯಲ್ಲಿ ಗರಗಸ, ಇವಳ ಕೈ ನನ್ನ ಕುತ್ತಿಗೆ ಮೇಲೆ. ಏನು ಗ್ರಹಚಾರ ಕಾದಿದೆಯೋ ಅಂತ ಹೆದರಿಕೊಂಡೇ ಗ ಅಂದೆ,’ ಎನ್ನುತ್ತಾರೆ ಬಡಗಿ. ದನಿ ಹೋದ ಮೇಲೆ ಮನೆ ಹೇಗಿದೆ ಎಂದು ಕೇಳಿದರೆ, ‘ಆರಾಮಾಗಿದೆ’ ಎಂದು ಕಿಚಾಯಿಸಿ, ಆಮೇಲೆ ತಲೆ ತಗ್ಗಿಸಿ ಮರದ ಪುಡಿ ಕೊಡವಿಕೊಳ್ಳುತ್ತಾರೆ. ‘ಬೈಸಿಕೊಳ್ಳದೆ ಕೆಲಸಕ್ಕೆ ಕೂತ್ರೆ ಅಳತೆ ತಪ್ಪುತ್ತೆ ಕಣ್ರೀ.’

ಮರುದಿನ ಬಡಗಿ ಗರಗಸದ ಸಮೇತ ಶಾಲೆಗೆ ಬಂದರು. ಹೇಗೂ ಒಂದು ಬೆಂಚು ಮುರಿದಿತ್ತು. ಜಗಲಿಯಲ್ಲಿ ಹಲಗೆ ಇಟ್ಟು ಕೊಯ್ದರು. ಮಕ್ಕಳು ನಾಲ್ಕೈದು ಜನರಂತೆ ಬಂದು ಹಲಗೆಯ ದೂರದ ತುದಿಗೆ ಅಂಗೈ ಇಟ್ಟು ನಡುಕ ನೋಡಿದರು, ಕಿಲಕಿಲ ನಕ್ಕರು. ಆಮೇಲೆ ಅದೇ ಕೈ ಅವರವರ ಗಂಟಲಿಗೆ. ಕ ಅಂದರೆ ಶುರುವಿನಲ್ಲಿ ಏನೂ ಇಲ್ಲ. ಗ ಅಂದರೆ ಶುರುವಿನಿಂದಲೇ ಒಳಗೊಂದು ಪುಟ್ಟ ಗರಗಸ. ಆದರೆ ಪಿಸುಗುಟ್ಟಿದರೆ ಅದು ಓಡುವುದಿಲ್ಲ, ಗಟ್ಟಿಯಾಗಿಯೇ ಹೇಳಬೇಕು. ‘ನಾನು ಸಣ್ಣಗೆ ಹೇಳ್ತೀನಿ, ನೀವು ದೊಡ್ಡದಾಗಿ ಹೇಳಿ,’ ಎಂದರು ಟೀಚರ್. ಅಂದಿನಿಂದ ಅವರು ಗಂಟಲಿಗೆ ಕೈ ಇಟ್ಟು ಹೇಳಿದರೆ ಗರಗಸ ಇರುವ ಅಕ್ಷರ, ಕೈ ತೆಗೆದು ಹೇಳಿದರೆ ಇಲ್ಲದ್ದು.

ಇವತ್ತು ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೇನೆ. ಕಾಲುಚೀಲದ ಒಡೆಯ ಸಿಕ್ಕಿದ್ದಾನೆ. ಬೋರ್ಡಿನ ಮೇಲೆ ಹೊಸ ಪದವಿದೆ, ಎರಡೇ ಅಕ್ಷರದ ‘ದರ’. ಮಧ್ಯಾಹ್ನ ಕಳೆದು ದೊಡ್ಡ ಮೇಡಂ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ಟೀಚರ್ ಸೀಮೆಸುಣ್ಣವನ್ನು ಸುಮ್ಮನೆ ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾರೆ. ದೊಡ್ಡ ಮೇಡಂ ಒಳಗೆ ಬಂದು, ತಾವೇ ಗರಗಸ ಎಂದು ಬರೆದು, ಮಕ್ಕಳತ್ತ ತಿರುಗುತ್ತಾರೆ. ಮೂವತ್ತೊಂದು ಪುಟ್ಟ ಕೈಗಳು ಮೂವತ್ತೊಂದು ಗಂಟಲಿಗೆ ಹೋಗುತ್ತವೆ.

‘ಗರಗಸ!’

ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಗುತ್ತದೆ. ದೊಡ್ಡ ಮೇಡಂ ಕಿವಿ ಮುಚ್ಚಿಕೊಳ್ಳುತ್ತಾರೆ. ‘ಸಾಕು ಸಾಕು, ಇದು ಮೈಕ್ ಅಲ್ಲ, ಮೂವತ್ತೊಂದು ಮೈಕ್!’ ಎಂದವರೇ, ಆ ಹಳೆಯ ಅಡ್ಡಹೆಸರು ಬಾಯಿಂದ ಜಾರಿದ್ದು ಗೊತ್ತಾಗಿ ನಾಲಗೆ ಕಚ್ಚಿಕೊಳ್ಳುತ್ತಾರೆ. ಟೀಚರ್ ನಗುತ್ತಿರುವುದನ್ನು ಕಂಡ ಮೇಲೆ ಅವರಿಗೂ ನಗು. ‘ಆಫೀಸಿಗೆ ನಾನು ಬೇರೆ ಯಾರನ್ನಾದ್ರೂ ಹುಡುಕ್ಕೋತೀನಿ ಬಿಡಿ,’ ಎಂದು ಹೇಳಿ ಹೊರಟುಹೋಗುತ್ತಾರೆ. ಟೀಚರ್ ಕುರ್ಚಿಯ ಮೇಲೆ ಕೂತುಬಿಡುತ್ತಾರೆ. ಇಷ್ಟು ಹೊತ್ತು ಅವರು ನಿಂತೇ ಇದ್ದರೆಂಬುದು ಆಗ ನನ್ನ ಗಮನಕ್ಕೆ ಬರುತ್ತದೆ.

ಶಾಲೆ ಬಿಟ್ಟಾಗ ಚಿನಕುರಳಿ ಒಬ್ಬಳೇ ಮನೆಗೆ ಹೊರಡದೆ ಉಳಿದಿದ್ದಾಳೆ. ಅಜ್ಜಿ ಬರುವವರೆಗೆ ಅವಳಿಗೊಂದು ಕೆಲಸವಿದೆ. ಸಿಕ್ಕಸಿಕ್ಕವರ ಗಂಟಲು ಮುಟ್ಟಿ ಗ ಹೇಳಿಸುವುದು. ಕಾವಲುಗಾರನದು ದೊಡ್ಡ ಗರಗಸವಂತೆ. ನನ್ನದು ಪರವಾಗಿಲ್ಲವಂತೆ. ಕೊನೆಗೆ ಟೀಚರ್ ಎದುರು ನಿಂತು ಕೈ ಚಾಚುತ್ತಾಳೆ. ‘ಮಿಸ್, ನೀವು ಅನ್ನಿ.’

ಟೀಚರ್ ಒಂದು ಕ್ಷಣ ಹಿಂಜರಿಯುತ್ತಾರೆ. ಆಮೇಲೆ ಮಂಡಿಯೂರಿ ಕತ್ತೆತ್ತಿ ಹೇಳುತ್ತಾರೆ, ‘ಗ.’ ನನಗೆ ಕೇಳಿಸಿದ್ದು ಬೆಳಗಿನ ಅದೇ ಗಾಳಿ. ಚಿನಕುರಳಿ ಹುಬ್ಬು ಗಂಟಿಕ್ಕಿ, ಥೇಟ್ ಟೀಚರ್ ಹಾಗೆಯೇ, ‘ಇನ್ನೊಂದ್ಸಲ,’ ಎನ್ನುತ್ತಾಳೆ. ಟೀಚರ್ ಹೇಳುತ್ತಾರೆ. ಹುಡುಗಿ ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲೇ ಆಲಿಸುತ್ತಾಳೆ.

‘ಇದೆ ಮಿಸ್! ಒಂದೇ ಒಂದು ಹಲ್ಲಿರೋ ಗರಗಸ.’

ನಾನು ಟೀಚರ್ ಮುಖ ನೋಡುತ್ತೇನೆ, ನಿಜವೇ ಎಂದು. ಅವರು ಹುಡುಗಿಯ ಬೆರಳನ್ನು ಗಂಟಲಿನಿಂದ ತೆಗೆಯಲು ಬಿಡದೆ ಹಿಡಿದುಕೊಂಡಿದ್ದಾರೆ. ಅವಳ ಬೋಳು ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಇಣುಕುತ್ತಿರುವುದನ್ನು ನನಗೆ ತೋರಿಸಿ, ಉಸಿರಿನಲ್ಲೇ ಹೇಳುತ್ತಾರೆ:

‘ಹಲ್ಲು ಒಂದೊಂದಾಗೇ ಬರೋದು ಕಣ್ರೀ. ಒಂದನೇ ಕ್ಲಾಸಿನಲ್ಲಿ ನಾನು ನೋಡದೇ ಇರೋದಾ?’